‘ಈ ಕಥೆಯ ನೀತಿ ಏನು?’ ಅಂತ ಮಾತ್ರ ಕೇಳಬೇಡಿ

ಪ್ರತಿ ಶನಿವಾರ ಬೆಳಗ್ಗೆ ನಾನು ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನಾಲ್ಕು, ಐದನೇ ಕ್ಲಾಸಿನ ಮಕ್ಕಳ ಜೊತೆ ಪುಸ್ತಕದ ಮಾತುಕತೆ ನಡೆಸ್ತೀನಿ. 12 ಮಕ್ಕಳು, ಒಂದು ಕಥೆ, 40 ನಿಮಿಷ. ‘ನಮ್ಮೂರ ಶಾಲೆಯಲ್ಲೂ ಮಾಡಬೇಕು, ಹೇಗೆ?’ ಅಂತ ಕೇಳಿದವರಿಗಾಗಿ ಈ ಕಂತು.

‘ಮನೇಲಿ ಓದ್ಕೊಂಡು ಬನ್ನಿ’ ಅಂತ ಪುಸ್ತಕ ಕೊಟ್ಟು ಕಳಿಸಬೇಡಿ. ಹಾಗೆ ಮಾಡಿದ್ರೆ ಸರಾಗವಾಗಿ ಓದೋ ನಾಲ್ಕು ಮಕ್ಕಳು ಮಾತಾಡ್ತಾರೆ, ಅಕ್ಷರ ಕೂಡಿಸಿ ಓದೋರು ತಲೆ ತಗ್ಗಿಸಿ ಕೂರ್ತಾರೆ. ಎರಡು ವಾರ ಆದ್ಮೇಲೆ ಅವರು ಬರೋದೇ ನಿಲ್ಲಿಸ್ತಾರೆ. ಗುಂಪು ಯಾರಿಗೆ ಬೇಕಿತ್ತೋ ಅವರೇ ಹೊರಗೆ! ಅದಕ್ಕೇ ಇಡೀ ಕಥೆಯನ್ನ ನಾನೇ ಗಟ್ಟಿಯಾಗಿ ಓದ್ತೀನಿ, ಚಿತ್ರ ಎಲ್ಲರಿಗೂ ಕಾಣೋ ಹಾಗೆ ಹಿಡ್ಕೊಂಡು. ಓದೋಕೆ ಕಷ್ಟಪಡೋ ಮಗು ಯೋಚನೆ ಮಾಡೋಕೂ ಕಷ್ಟಪಡುತ್ತೆ ಅಂತೇನಿಲ್ಲವಲ್ಲ.

ಇನ್ನು ಪ್ರಶ್ನೆ. ‘ನೀತಿ ಏನು?’ ಅಂದ ತಕ್ಷಣ ಮಕ್ಕಳು ಕಥೆ ಬಿಟ್ಟು ನಮ್ಮ ಮುಖ ನೋಡ್ತಾರೆ, ಅಕ್ಕನಿಗೆ ಯಾವ ಉತ್ತರ ಬೇಕಪ್ಪಾ ಅಂತ. ಇಂಗ್ಲೆಂಡಿನ ಲೇಖಕ ಏಡನ್ ಚೇಂಬರ್ಸ್ 1993ರಲ್ಲಿ ‘ಟೆಲ್ ಮಿ’ ಅನ್ನೋ ಪುಸ್ತಕ ಬರೆದರು. ಅವರ ದಾರಿ ಸರಳ: ಏನು ಇಷ್ಟ ಆಯ್ತು, ಏನು ಇಷ್ಟ ಆಗಲಿಲ್ಲ, ಏನು ಅರ್ಥ ಆಗಲಿಲ್ಲ, ಯಾವುದು ಮತ್ತೆ ಮತ್ತೆ ಬಂತು. ‘ಯಾಕೆ?’ ಅಂತ ಪೊಲೀಸರ ಥರ ಕೇಳೋ ಬದಲು ‘ಹೇಳು ನೋಡೋಣ’ ಅನ್ನೋದು. ನನ್ನ ಮಟ್ಟಿಗೆ ಚಿನ್ನದಂಥ ಪ್ರಶ್ನೆ ಮೂರನೆಯದು.

ಪುಣ್ಯಕೋಟಿ ಕಥೆಯನ್ನೇ ತಗೊಳ್ಳಿ. ನೀತಿ ಕೇಳಿದ್ರೆ ‘ಸತ್ಯ ಹೇಳಬೇಕು’ ಅಂತ ಕೋರಸ್ ಬರುತ್ತೆ, ಅಲ್ಲಿಗೆ ಮುಗೀತು. ‘ಏನು ಅರ್ಥ ಆಗಲಿಲ್ಲ?’ ಅಂದಾಗ ಒಬ್ಬ, ‘ಹುಲಿಗೆ ಹಸಿವಾಗಿತ್ತಲ್ಲಕ್ಕ, ಅದು ಇನ್ನೇನು ತಿನ್ಬೇಕಿತ್ತು?’ ಅಂದ. ‘ಹಸುನ ಬಿಟ್ಟು ಕಳಿಸಿದ್ರೆ ಸಾಕಿತ್ತು, ಹುಲಿ ಸಾಯೋದ್ಯಾಕೆ?’ ಅಂತ ಇನ್ನೊಬ್ಬಳು. ಜಗಳವೇ ಶುರುವಾಯ್ತು. ಅಲ್ಲಿವರೆಗೂ ಬಾಯಿ ಬಿಡದ ಹುಡುಗಿಯೊಬ್ಬಳು ಮೆಲ್ಲಗೆ, ‘ಬೇರೆ ಹಸುಗಳು ನೋಡ್ಕೊಂಡ್ರೂ ಕರುಗೆ ಅಮ್ಮನೇ ಬೇಕಲ್ವಾ?’ ಅಂದಳು. ಅವಳಮ್ಮ ಬೆಂಗಳೂರಲ್ಲಿ ಗಾರ್ಮೆಂಟ್ಸ್ ಕೆಲಸದಲ್ಲಿದ್ದಾರೆ, ಅವಳು ಚಿಕ್ಕಮ್ಮನ ಮನೇಲಿದ್ದಾಳೆ ಅಂತ ಟೀಚರ್ ಆಮೇಲೆ ಹೇಳಿದ್ರು. ನಾನು ಅವಳನ್ನ ಮತ್ತೇನೂ ಕೆದಕಲಿಲ್ಲ. ಕೆದಕಬಾರದು ಕೂಡ. ಕರುವಿನ ಹೆಸರಲ್ಲಿ ಹೇಳಿದ್ದು ಕರುವಿನ ಹೆಸರಲ್ಲೇ ಇರಲಿ.

ಹಾಂ, ಪ್ರಶ್ನೆ ಕೇಳಿದ್ಮೇಲೆ ಸುಮ್ಮನಿರಿ. ಶಿಕ್ಷಕರು ಉತ್ತರಕ್ಕೆ ಸಾಮಾನ್ಯವಾಗಿ ಒಂದು ಸೆಕೆಂಡ್ ಕಾಯ್ತಾರಷ್ಟೇ, 3 ಸೆಕೆಂಡ್ ಕಾದರೆ ಉತ್ತರ ಉದ್ದವಾಗುತ್ತೆ, ಹೆಚ್ಚು ಮಕ್ಕಳು ಬಾಯಿ ಬಿಡ್ತಾರೆ ಅಂತ ಅಮೆರಿಕದ ಸಂಶೋಧಕಿ ಮೇರಿ ಬಡ್ ರೋ ಕಂಡುಕೊಂಡಿದ್ದರು. ಕಾಯುವಾಗ 3 ಸೆಕೆಂಡ್ ಎಷ್ಟು ಉದ್ದ ಅನ್ಸುತ್ತೆ ಗೊತ್ತಾ!

ಪುಸ್ತಕಕ್ಕೆ ದುಡ್ಡಿಲ್ಲ ಅಂತ ಯೋಚಿಸಬೇಡಿ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ‘ಸ್ಟೋರಿವೀವರ್’ನಲ್ಲಿ ಕನ್ನಡ ಚಿತ್ರಕಥೆಗಳು ಉಚಿತವಾಗಿ ಸಿಗ್ತವೆ, ಓದಿನ ಮಟ್ಟದ ಪ್ರಕಾರ ವಿಂಗಡಿಸಿದ್ದಾರೆ. ಡೌನ್‌ಲೋಡ್ ಮಾಡಿ ಪ್ರಿಂಟ್ ಹಾಕಿಸಿ. ಮೊಬೈಲ್ ಸ್ಕ್ರೀನಲ್ಲಿ ತೋರಿಸೋಕೆ ಹೋದ್ರೆ 12 ತಲೆ ಒಂದೇ ಕಡೆ ಮುಗಿಬೀಳ್ತವೆ, ಹಿಂದಿದ್ದವರಿಗೆ ಚಿತ್ರ ಕಾಣಲ್ಲ.