ಬಾಟಲಿಯಲ್ಲಿ ಬೇರು ಬರಲಿ, ಸೊಳ್ಳೆ ಬಾರದಿರಲಿ

ನೆಂಟರ ಮನೆಗೆ ಹೋದಾಗ ಒಂದು ತುಂಡು ಮನಿಪ್ಲಾಂಟ್ ಕೇಳಿ ತಂದು ನೀರಿನ ಬಾಟಲಿಯಲ್ಲಿ ಇಡುವುದು ನಮ್ಮಲ್ಲಿ ಸಾಮಾನ್ಯ. ಮಣ್ಣು ಬೇಡ, ಗೊಬ್ಬರ ಬೇಡ; ಎರಡು ಮೂರು ವಾರಗಳಲ್ಲಿ ಬಿಳಿ ಬೇರು ಕಾಣಿಸಿಕೊಳ್ಳುತ್ತದೆ. ಆದರೆ ಹೀಗೆ ಇಟ್ಟು ಮರೆತ ಬಾಟಲಿಯಲ್ಲೇ ಡೆಂಗ್ಯೂ ಹರಡುವ ಸೊಳ್ಳೆಯೂ ಬೆಳೆಯಬಹುದು ಎಂಬುದು ನಿಮಗೆ ಗೊತ್ತೇ?

ಮೊದಲು ಬೇರು ಬರಿಸುವ ಕ್ರಮ ನೋಡೋಣ. ಬಳ್ಳಿಯಲ್ಲಿ ಎಲೆ ಹೊರಡುವ ಜಾಗದಲ್ಲಿ ಗೆಣ್ಣು ಇರುತ್ತದೆ. ಬೇರು ಬರುವುದು ಈ ಗೆಣ್ಣಿನಿಂದಲೇ. ಆದ್ದರಿಂದ ಎರಡು ಮೂರು ಗೆಣ್ಣುಗಳಿರುವ ತುಂಡನ್ನು ಆರಿಸಿ, ಕೊನೆಯ ಗೆಣ್ಣಿನ ಸ್ವಲ್ಪ ಕೆಳಗೆ ಶುಚಿಯಾದ ಕತ್ತರಿಯಿಂದ ಕತ್ತರಿಸಿ. ಕೆಳಗಿನ ಎಲೆಗಳನ್ನು ತೆಗೆದುಬಿಡಿ. ನೀರಲ್ಲಿ ಮುಳುಗಿದ ಎಲೆ ಕೊಳೆತು ವಾಸನೆ ಬರುತ್ತದೆ. ಬೆಳಕಿರುವ, ಆದರೆ ನೇರ ಬಿಸಿಲು ಬೀಳದ ಕಡೆ ಇಡಿ.

ಇನ್ನು ಸೊಳ್ಳೆಯ ವಿಷಯ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ಚರಂಡಿಯೇ ಬೇಕೆಂದಿಲ್ಲ. ಮನೆಯೊಳಗೆ ನಿಂತ ತಿಳಿನೀರು ಅದಕ್ಕೆ ಇಷ್ಟ. ನೀರಿನ ಮಟ್ಟಕ್ಕಿಂತ ತುಸು ಮೇಲೆ, ಪಾತ್ರೆಯ ಒಳಗೋಡೆಗೆ ಅದು ಮೊಟ್ಟೆ ಅಂಟಿಸುತ್ತದೆ. ನಮ್ಮ ಸೆಕೆಯಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು 8ರಿಂದ 10 ದಿನ ಸಾಕು. ನೀರು ಒಣಗಿದರೂ ಈ ಮೊಟ್ಟೆಗಳು ತಿಂಗಳುಗಟ್ಟಲೆ ಉಳಿಯುತ್ತವೆ, ಮತ್ತೆ ನೀರು ಮುಟ್ಟಿದಾಗ ಒಡೆಯುತ್ತವೆ.

ಹಾಗಾಗಿ ಕಡಿಮೆಯಾದ ನೀರಿಗೆ ಮತ್ತಷ್ಟು ನೀರು ಸುರಿದರೆ ಸಾಲದು. ವಾರಕ್ಕೊಮ್ಮೆಯಾದರೂ ನೀರನ್ನು ಪೂರ್ತಿ ಚೆಲ್ಲಿ, ಬಾಟಲಿಯ ಒಳಭಾಗವನ್ನು ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಹಳೆಯ ನೀರನ್ನು ಒಣಗಿದ ಮಣ್ಣಿಗೆ ಚೆಲ್ಲಿದರೆ ಅದರಲ್ಲಿರುವ ಲಾರ್ವಾಗಳು ಸಾಯುತ್ತವೆ. ದಿನ ಮರೆತುಹೋಗುವುದಾದರೆ ಪ್ರತಿ ಶುಕ್ರವಾರ ಬೆಳಿಗ್ಗೆ ಎಂದು ಗೊತ್ತುಮಾಡಿಕೊಳ್ಳಿ. ಬಳ್ಳಿಯ ಸುತ್ತ ಬಾಟಲಿಯ ಬಾಯಿಗೆ ಹತ್ತಿ ತುರುಕಿದರೆ ಸೊಳ್ಳೆ ಒಳಗೆ ಇಳಿಯಲಾರದು. ಕುಂಡದ ಕೆಳಗಿನ ತಟ್ಟೆಯನ್ನೂ ಹೀಗೆಯೇ ಉಜ್ಜಿ ಒಣಗಿಸಿ.

ನೀರೇ ಬೇಡವೆನ್ನುವವರಿಗೆ ಮರಳಿದೆ. ತಳದಲ್ಲಿ ತೂತಿರುವ ಕುಂಡಕ್ಕೆ ತೊಳೆದ ಮರಳು ತುಂಬಿ, ಗೆಣ್ಣು ಒಳಗೆ ಹೋಗುವಂತೆ ತುಂಡನ್ನು ನೆಟ್ಟು, ತೇವ ಆರದಂತೆ ನೋಡಿಕೊಳ್ಳಿ. ಮನಿಪ್ಲಾಂಟ್ ಮಾತ್ರವಲ್ಲ, ದಾಸವಾಳ, ಕ್ರೋಟನ್, ದೊಡ್ಡಪತ್ರೆ ಕೂಡ ಹೀಗೆ ಬೇರು ಬಿಡುತ್ತವೆ. ನೀರು ನಿಲ್ಲದಿದ್ದರೆ ಲಾರ್ವಾಕ್ಕೆ ಜಾಗವೇ ಇಲ್ಲ.

ಅಂಬೆಗಾಲಿಡುವ ಮಕ್ಕಳಿರುವ ಮನೆಯವರು ಇನ್ನೊಂದು ಮಾತು ನೆನಪಿಡಿ. ಮನಿಪ್ಲಾಂಟಿನ ಎಲೆ, ಕಾಂಡಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿವೆ. ಮಗು ಅದನ್ನು ಜಗಿದರೆ ಬಾಯಿ, ನಾಲಿಗೆ ಉರಿದು ಊದಿಕೊಳ್ಳಬಹುದು. ಹಾಗಾದಾಗ ಬಾಯಿಯಲ್ಲಿರುವ ಚೂರುಗಳನ್ನು ಒರೆಸಿ ತೆಗೆದು, ತಣ್ಣಗಿನ ನೀರು ಅಥವಾ ಹಾಲು ಕುಡಿಸಿ. ವಾಂತಿ ಮಾಡಿಸಬೇಡಿ. ಬಾಯಿ ಊದಿದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಬಾಟಲಿಯನ್ನು ಮಗುವಿನ ಕೈಗೆಟುಕದಷ್ಟು ಎತ್ತರದಲ್ಲಿಡಿ. ಬಳ್ಳಿ ಕತ್ತರಿಸಿದ ಮೇಲೆ ನಿಮ್ಮ ಕೈಯನ್ನೂ ಸೋಪಿನಿಂದ ತೊಳೆದುಕೊಳ್ಳಿ.

ಹಸಿರು ಮನೆಗೆ ಚೆಂದ. ಅದನ್ನು ತಂದವರೇ ಅದರ ನೀರಿನ ಕಡೆಗೂ ಕಣ್ಣಿಟ್ಟರೆ ಆ ಚೆಂದದ ಜೊತೆ ಜ್ವರ ಮನೆ ಹೊಗುವುದಿಲ್ಲ. ಇವತ್ತೇ ಒಮ್ಮೆ ನಿಮ್ಮ ಕಿಟಕಿಯ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ.