ಗಸ್ತಿಗೆ ಸಾಕ್ಷಿ ಹೇಳುವ ಗಡಿಯಾರ

ರಾತ್ರಿ ಕಾವಲುಗಾರ ಯಾವ ಜಾಗಕ್ಕೆ ಎಷ್ಟು ಹೊತ್ತಿಗೆ ಹೋಗಿದ್ದ ಎಂಬುದನ್ನು ಅವನ ಕೈಯಿಂದಲೇ ದಾಖಲು ಮಾಡಿಸಿ, ಆ ದಾಖಲೆ ಅವನ ಕೈಗೆ ಸಿಗದಂತೆ ಕಾಪಾಡುವ ಯಂತ್ರವೇ ಗಸ್ತು ಗಡಿಯಾರ. ಹೆಗಲಿಗೆ ನೇತುಹಾಕಿಕೊಳ್ಳುವ ಚರ್ಮದ ಚೀಲ, ಅದರೊಳಗೆ ಬೀಗ ಹಾಕಿದ ದುಂಡನೆಯ ಲೋಹದ ಡಬ್ಬಿ, ಡಬ್ಬಿಯೊಳಗೆ ಗಡಿಯಾರ ಮತ್ತು ಅದರೊಂದಿಗೆ ತಿರುಗುವ ಕಾಗದ: ಇದಿಷ್ಟೇ ಅದರ ಹೊರನೋಟ. 19ನೇ ಶತಮಾನದ ನಡುವಿನಿಂದ 20ನೇ ಶತಮಾನದ ಕೊನೆಯವರೆಗೂ ಹತ್ತಿ ಗಿರಣಿ, ಗೋದಾಮು, ಬ್ಯಾಂಕು, ಆಸ್ಪತ್ರೆ, ವಸ್ತುಸಂಗ್ರಹಾಲಯಗಳಲ್ಲಿ ಈ ಡಬ್ಬಿ ರಾತ್ರಿಯಿಡೀ ನಡೆದಾಡಿದೆ. ಒಬ್ಬ ಮನುಷ್ಯ ಒಂದು ಜಾಗದಲ್ಲಿ ಒಂದು ಹೊತ್ತಿನಲ್ಲಿ ಇದ್ದ ಎಂಬುದನ್ನು ಬೇರೆ ಯಾರೂ ನೋಡದಿದ್ದಾಗ ಸಾಬೀತು ಮಾಡುವುದು ಹೇಗೆ ಎಂಬ ಕಷ್ಟದ ಪ್ರಶ್ನೆಗೆ ಗಡಿಯಾರದ ಕುಶಲಕರ್ಮಿಗಳು ಕಂಡುಕೊಂಡ ಉತ್ತರ ಇದು.

ಕೂಗು, ಸೀಟಿ, ಸಹಿ

ಗಡಿಯಾರ ಬರುವ ಮೊದಲು ಕಾವಲಿಗೆ ದನಿಯೇ ಪುರಾವೆಯಾಗಿತ್ತು. ಯುರೋಪಿನ ಊರುಗಳಲ್ಲಿ ರಾತ್ರಿ ಕಾವಲುಗಾರ ಗಂಟೆಗೊಮ್ಮೆ ಹೊತ್ತನ್ನು ಕೂಗಿ ಹೇಳುತ್ತಿದ್ದ, ಕೆಲವೆಡೆ ಕೊಂಬು ಊದುತ್ತಿದ್ದ. ನಮ್ಮ ಬಡಾವಣೆಗಳಲ್ಲಿ ಗೂರ್ಖಾ ಊದುವ ಸೀಟಿ, ನೆಲಕ್ಕೆ ಕುಟ್ಟುವ ದೊಣ್ಣೆ ಮಾಡುವುದೂ ಇದೇ ಕೆಲಸ. ದನಿ ಮಲಗಿದವರಿಗೆ ಧೈರ್ಯ ಕೊಡುತ್ತದೆ. ಆದರೆ ಕಳ್ಳನಿಗೂ ಅದು ಕೇಳಿಸುತ್ತದೆ. ಬೆಳಗಾದ ಮೇಲೆ ಅದರ ಗುರುತೂ ಉಳಿಯುವುದಿಲ್ಲ.

ಇನ್ನೊಂದು ದಾರಿ ಪುಸ್ತಕ. ಪೊಲೀಸ್ ಬೀಟ್‌ನಲ್ಲಿ ಗೊತ್ತಾದ ಜಾಗಗಳಲ್ಲಿ ಪುಸ್ತಕ ಇಟ್ಟು, ಅಲ್ಲಿಗೆ ಬಂದ ಸಿಬ್ಬಂದಿ ಹೊತ್ತು ಬರೆದು ಸಹಿ ಹಾಕುವ ರೂಢಿ ಹಳೆಯದು. ಇಲ್ಲಿರುವ ಕೊರತೆಯೂ ಗೊತ್ತಿರುವಂಥದ್ದೇ. ಬರೆಯುವವನೇ ಹೊತ್ತನ್ನೂ ಬರೆಯುತ್ತಾನೆ. ಮನಸ್ಸು ಮಾಡಿದರೆ ಇಡೀ ರಾತ್ರಿಯ ಸಹಿಗಳನ್ನು ಒಂದೇ ಸಲಕ್ಕೆ ಹಾಕಿ ಮುಗಿಸಬಹುದು. ಭಾರತೀಯ ರೈಲ್ವೆ ತನ್ನ ಮಳೆಗಾಲದ ಹಳಿ ಗಸ್ತಿನಲ್ಲಿ ಇದಕ್ಕೆ ಯಂತ್ರವಿಲ್ಲದೆಯೇ ಒಂದು ಪರಿಹಾರ ಕಂಡುಕೊಂಡಿತು. ತನ್ನ ಪಾಲಿನ ದಾರಿ ಮುಗಿಯುವಲ್ಲಿ ಗಸ್ತಿನವನು ಎದುರು ದಿಕ್ಕಿನಿಂದ ಬಂದವನೊಂದಿಗೆ ಗಸ್ತು ಪುಸ್ತಕವನ್ನು ಅದಲುಬದಲು ಮಾಡಿಕೊಳ್ಳುತ್ತಾನೆ; ನಿಲ್ದಾಣಕ್ಕೆ ಬಂದಾಗ ಸ್ಟೇಷನ್ ಮಾಸ್ಟರ್ ಹೊತ್ತು ನಮೂದಿಸಿ ಸಹಿ ಹಾಕುತ್ತಾರೆ. ಒಬ್ಬ ನಡೆಯದಿದ್ದರೆ ಇನ್ನೊಬ್ಬನ ಕೈಯಲ್ಲಿರುವ ಪುಸ್ತಕವೇ ಅದನ್ನು ಹೇಳಿಬಿಡುತ್ತದೆ. ಆದರೆ ಗಿರಣಿಯ ಕಾವಲುಗಾರ ರಾತ್ರಿಯಿಡೀ ಒಬ್ಬಂಟಿ. ಅವನಿಗೆ ಎದುರಾಗುವ ಎರಡನೆಯ ಮನುಷ್ಯನಿಲ್ಲ. ಆ ಜಾಗವನ್ನು ಯಂತ್ರ ತುಂಬಬೇಕಾಯಿತು.

ಗೋಡೆಗೆ ನಿಂತ ಗಡಿಯಾರ

ಮೊದಲ ಗಸ್ತು ಗಡಿಯಾರಗಳು ಕದಲದೆ ಒಂದೆಡೆ ನಿಲ್ಲುವಂಥವು. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಇವುಗಳ ತಯಾರಿಗೆ ಹೆಸರಾದವನು ಡರ್ಬಿಯ ಗಡಿಯಾರ ತಯಾರಕ ಜಾನ್ ವೈಟ್‌ಹರ್ಸ್ಟ್. 1803ರಲ್ಲಿ ಸ್ಯಾಮ್ಯುಯೆಲ್ ಡೇ ಎಂಬವನು ಇಂಥದೇ ಒಂದು ಯಂತ್ರಕ್ಕೆ ಪೇಟೆಂಟ್ ಪಡೆದ. 1832ರಲ್ಲಿ ಪ್ರಕಟವಾದ ತನ್ನ ಕೈಗಾರಿಕಾ ಅರ್ಥಶಾಸ್ತ್ರದ ಪುಸ್ತಕದಲ್ಲಿ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ಈ ಗಡಿಯಾರವನ್ನು ವಿವರಿಸಿದ್ದಾನೆ. ಗಡಿಯಾರ ಕಾವಲುಗಾರ ಹೋಗಲಾಗದ ಕೋಣೆಯಲ್ಲಿರುತ್ತದೆ. ಅವನು ಗಂಟೆಗೊಮ್ಮೆ ಹೊರಗಿನಿಂದ ಒಂದು ದಾರ ಎಳೆಯಬೇಕು. ಎಳೆಯದ ಗಂಟೆಗಳು ಯಾವುವೆಂದು ಬೆಳಗ್ಗೆ ಮಾಲೀಕನಿಗೆ ತಿಳಿಯುತ್ತದೆ. ಮನುಷ್ಯರ ಅಲಕ್ಷ್ಯಕ್ಕೂ ಅಪ್ರಾಮಾಣಿಕತೆಗೂ ಯಂತ್ರ ಹಾಕುವ ತಡೆಗೆ ಬ್ಯಾಬೇಜ್ ಕೊಟ್ಟ ಉದಾಹರಣೆಗಳಲ್ಲಿ ಇದೂ ಒಂದು.

ಇವುಗಳಲ್ಲಿ ಹೆಚ್ಚು ಬಳಕೆಗೆ ಬಂದದ್ದು ಗೂಟದ ಗಡಿಯಾರ. ಇದರಲ್ಲಿ ಮುಳ್ಳಿನ ಬದಲು ಮುಖಫಲಕವೇ ತಿರುಗುತ್ತದೆ. ಫಲಕದ ಅಂಚಿನಲ್ಲಿ ಕಾಲುಗಂಟೆಗೊಂದರಂತೆ ಸಣ್ಣ ಲೋಹದ ಗೂಟಗಳು. 12 ಗಂಟೆಯ ಫಲಕವಾದರೆ 48. ಪೆಟ್ಟಿಗೆಗೆ ಬೀಗವಿರುತ್ತದೆ, ಹೊರಗೆ ಇರುವುದು ಒಂದು ಹಿಡಿ ಮಾತ್ರ. ಹಿಡಿಯನ್ನು ಒತ್ತಿದರೆ ಆ ಕ್ಷಣದಲ್ಲಿ ಅದರ ಕೆಳಗೆ ಬಂದಿರುವ ಗೂಟವೊಂದೇ ಒಳಕ್ಕೆ ಹೋಗುತ್ತದೆ. ದಾಟಿಹೋದ ಗೂಟವನ್ನು ಒತ್ತಲು ಸಾಧ್ಯವಿಲ್ಲ, ಮುಂದೆ ಬರಬೇಕಾದದ್ದನ್ನು ಮುಂಚಿತವಾಗಿ ಒತ್ತಲೂ ಆಗದು. ಬೆಳಗ್ಗೆ ಗಾಜಿನಾಚೆ ನೋಡಿದರೆ ತಲೆಯೆತ್ತಿ ನಿಂತ ಗೂಟಗಳೇ ತಪ್ಪಿದ ಕಾಲುಗಂಟೆಗಳು. ಫಲಕ ತಿರುಗುತ್ತ ಸಾಗಿದಾಗ ಒಳಗಿನ ಇಳಿಜಾರು ಪಟ್ಟಿಯೊಂದು ಒಳಹೋದ ಗೂಟಗಳನ್ನು ಮತ್ತೆ ಹೊರಕ್ಕೆ ತಳ್ಳಿ ಮುಂದಿನ ರಾತ್ರಿಗೆ ಸಿದ್ಧಮಾಡುತ್ತಿತ್ತು.

ಗೂಟದ ಗಡಿಯಾರ ಹೊತ್ತಿನ ವಿಷಯದಲ್ಲಿ ಮೋಸ ಹೋಗುತ್ತಿರಲಿಲ್ಲ. ಆದರೆ ಅದು ಹೇಳುತ್ತಿದ್ದುದು ಒಂದೇ ಜಾಗದ ಸಂಗತಿ. ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕುಳಿತವನೂ ಕಾಲುಗಂಟೆಗೊಮ್ಮೆ ಹಿಡಿ ಒತ್ತಬಹುದಿತ್ತು. ಕಟ್ಟಡವನ್ನೆಲ್ಲ ಸುತ್ತಿಸಬೇಕಾದರೆ ಮೂಲೆಗೊಂದು ಗಡಿಯಾರ ಬೇಕು, ಅಷ್ಟು ದುಡ್ಡು ಹಾಕುವವರು ಕಡಿಮೆ.

ಶ್ವೆನಿಂಗನ್‌ನ ಉಪಾಯ

ಈ ತೊಡಕನ್ನು ಬಿಡಿಸಿದವನು ಯೊಹಾನೆಸ್ ಬ್ಯುರ್ಕ್. 1819ರಲ್ಲಿ ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಸೀಮೆಯ ಶ್ವೆನಿಂಗನ್‌ನಲ್ಲಿ ಹುಟ್ಟಿದ ಅವನು ಆ ಊರ ಪೌರಸಭೆಯ ಗುಮಾಸ್ತನಾಗಿದ್ದ. ಮನೆಮನೆಯಲ್ಲೂ ಮರದ ಗಡಿಯಾರ ಮಾಡುತ್ತಿದ್ದ ಸೀಮೆ ಅದು. 1855ರಲ್ಲಿ ಬ್ಯುರ್ಕ್ ಹೊತ್ತೊಯ್ಯಬಹುದಾದ ಗಸ್ತು ಗಡಿಯಾರಕ್ಕೆ ಪೇಟೆಂಟ್ ಪಡೆದ. ಅದೇ ವರ್ಷ ತನ್ನೂರಿನಲ್ಲಿ ವ್ಯುರ್ಟೆಂಬರ್ಗ್ ಗಡಿಯಾರ ಕಾರ್ಖಾನೆಯನ್ನು ಆರಂಭಿಸಿದ. 1872ರಲ್ಲಿ ಅವನು ತೀರಿಕೊಂಡ ಮೇಲೂ ಕಾರ್ಖಾನೆ ಬೆಳೆಯಿತು. ಆ ಕಟ್ಟಡದಲ್ಲಿ ಈಗ ಗಡಿಯಾರ ಉದ್ಯಮದ ವಸ್ತುಸಂಗ್ರಹಾಲಯವಿದೆ.

ಬ್ಯುರ್ಕ್ ಮಾಡಿದ್ದು ಹಳೆಯ ವ್ಯವಸ್ಥೆಯನ್ನು ತಲೆಕೆಳಗು ಮಾಡುವ ಕೆಲಸ. ಮೊದಲು ಗಡಿಯಾರ ನಿಂತಲ್ಲೇ ಇತ್ತು, ಮನುಷ್ಯ ಅದರ ಬಳಿಗೆ ಬರುತ್ತಿದ್ದ. ಈಗ ಗಡಿಯಾರ ಮನುಷ್ಯನ ಜೊತೆ ಹೊರಟಿತು. ಪ್ರತಿ ಜಾಗದಲ್ಲಿ ಉಳಿದದ್ದು ಸರಪಳಿಗೆ ಕಟ್ಟಿದ ಒಂದು ಕೀಲಿಕೈ. ದುಬಾರಿಯಾದ ಗಡಿಯಾರ ಒಂದು ಸಾಕು, ಅಗ್ಗದ ಕೀಲಿಕೈಗಳು ಬೇಕಾದಷ್ಟು ಇರಲಿ ಎಂಬುದು ಲೆಕ್ಕಾಚಾರ. ಲೋಲಕದ ಗಡಿಯಾರ ಹೊತ್ತು ನಡೆದರೆ ಓಡದು. ಹಾಗಾಗಿ ಒಳಗೆ ಸುರುಳಿ ಸ್ಪ್ರಿಂಗ್ ಮತ್ತು ತೂಗುಚಕ್ರವಿರುವ, ಕುಲುಕಿದರೂ ತಪ್ಪದೆ ನಡೆಯುವ ಗಟ್ಟಿ ಯಂತ್ರ ಬೇಕಾಯಿತು.

ಡಬ್ಬಿಯ ಒಳಗೆ

ಗಸ್ತಿನ ದಾರಿಯಲ್ಲಿ ಬಾಯ್ಲರ್ ಮನೆ, ಹತ್ತಿಯ ಗೋದಾಮು, ಹಿಂಬಾಗಿಲು, ಮಹಡಿಯ ಕೊನೆ ಎಂಬಂತೆ ಆಯ್ದ ಜಾಗಗಳಲ್ಲಿ ಗೋಡೆಗೆ ಒಂದು ಸಣ್ಣ ಎರಕದ ಪೆಟ್ಟಿಗೆ ಕೂಡಿಸಿರುತ್ತಾರೆ. ಮುಚ್ಚಳ ಎತ್ತಿದರೆ ಒಳಗೆ ಸರಪಳಿಯ ತುದಿಯಲ್ಲಿ ಕೀಲಿಕೈ. ಈ ಕೀಲಿಕೈ ಯಾವ ಬೀಗವನ್ನೂ ತೆರೆಯುವುದಿಲ್ಲ. ಅದರ ನಾಲಗೆಯ ಮೇಲೆ ಆ ಜಾಗಕ್ಕೆ ಮಾತ್ರ ಸೇರಿದ ಒಂದು ಅಂಕಿಯೋ ಅಕ್ಷರವೋ ಉಬ್ಬಾಗಿ ಕೆತ್ತಿರುತ್ತದೆ. ಕಾವಲುಗಾರ ಹೆಗಲ ಮೇಲಿನ ಗಡಿಯಾರವನ್ನು ಹತ್ತಿರ ತಂದು, ಅದರ ರಂಧ್ರಕ್ಕೆ ಕೀಲಿಕೈ ತೂರಿಸಿ, ಒಂದು ಸುತ್ತು ತಿರುಗಿಸುತ್ತಾನೆ. ಆ ಸುತ್ತಿನಲ್ಲಿ ಉಬ್ಬಕ್ಷರ ಒಳಗಿನ ಕಾಗದಕ್ಕೆ ಬಲವಾಗಿ ಒತ್ತಿ ಅಚ್ಚು ಮೂಡಿಸುತ್ತದೆ. ಕೆಲವು ಗಡಿಯಾರಗಳಲ್ಲಿ ಕಾಗದ ಉಬ್ಬುತ್ತದೆ, ಕೆಲವದರಲ್ಲಿ ಚುಚ್ಚಿದ ಗುರುತು ಬೀಳುತ್ತದೆ, ಇನ್ನು ಕೆಲವದರಲ್ಲಿ ಶಾಯಿ ರಿಬ್ಬನ್ನಿನ ಮೂಲಕ ಅಂಕಿ ಮೂಡುತ್ತದೆ.

ಕಾಗದ ಎರಡು ಬಗೆ: ದುಂಡನೆಯ ಬಿಲ್ಲೆ ಅಥವಾ ಉದ್ದನೆಯ ಪಟ್ಟಿ. ಬಿಲ್ಲೆಯ ಅಂಚಿನಲ್ಲಿ ಗಂಟೆ ನಿಮಿಷಗಳ ಗೆರೆಗಳು ಮೊದಲೇ ಅಚ್ಚಾಗಿರುತ್ತವೆ. ಗಡಿಯಾರ ಅದನ್ನು ನಿಧಾನವಾಗಿ ತಿರುಗಿಸುವುದರಿಂದ ಗುರುತು ಬಿದ್ದ ಕೋನವೇ ಹೊತ್ತು. ಒತ್ತಿದ ಅಂಕಿಯೇ ಜಾಗ. ಹೊತ್ತು ಗಡಿಯಾರದಿಂದ, ಜಾಗ ಗೋಡೆಯ ಕೀಲಿಕೈಯಿಂದ ಬರುತ್ತದೆ. ಎರಡೂ ಸೇರಿದರೆ ಮಾತ್ರ ದಾಖಲೆ. ಕಾವಲುಗಾರ ತನ್ನದಾಗಿ ಸೇರಿಸುವುದು ತನ್ನ ನಡಿಗೆಯನ್ನಷ್ಟೇ.

ಬೆಳಗ್ಗೆ ಮೇಲ್ವಿಚಾರಕ ತನ್ನಲ್ಲಿರುವ ಬೀಗದ ಕೈಯಿಂದ ಡಬ್ಬಿ ತೆರೆದು, ಬಿಲ್ಲೆ ತೆಗೆದು, ಹೊಸದನ್ನು ಹಾಕಿ, ಕೀ ಕೊಟ್ಟು ಮುಚ್ಚುತ್ತಾನೆ. ತೆಗೆದ ಬಿಲ್ಲೆಯ ಮೇಲೆ ತಾರೀಕು, ಕಾವಲುಗಾರನ ಹೆಸರು ಬರೆದು ಕಡತಕ್ಕೆ ಸೇರಿಸುತ್ತಾರೆ. ರೂಢಿಯಿದ್ದವರಿಗೆ ಇಡೀ ರಾತ್ರಿಯನ್ನು ಓದಲು ಒಂದು ನೋಟ ಸಾಕು. 1ರಿಂದ 8ರವರೆಗಿನ ಅಂಕಿಗಳು ಗಂಟೆಗೊಮ್ಮೆ ಸಾಲಾಗಿ ಬಂದಿದ್ದರೆ ಗಸ್ತು ಸರಿಯಾಗಿ ನಡೆದಿದೆ. ಎರಡು ಜಾಗಗಳ ನಡುವಿನ ಅಂತರ ಒಂದು ಸಲ ಬಹಳ ಹಿಗ್ಗಿದ್ದರೆ ಅಲ್ಲಿ ಏನೋ ತಡೆದಿದೆ. ನಡೆಯಲು ಬೇಕಾದ ಹೊತ್ತಿಗಿಂತ ಬೇಗ ಎರಡು ಗುರುತು ಬಿದ್ದಿದ್ದರೆ ಅದು ಇನ್ನೂ ಹೆಚ್ಚಿನ ಅನುಮಾನಕ್ಕೆ ಎಡೆ.

ಕಳ್ಳಾಟ ಮತ್ತು ಅದಕ್ಕೆ ತಡೆ

ಚಾಪೆ ಕೆಳಗೆ ತೂರುವವನಿಗೆ ರಂಗೋಲಿ ಕೆಳಗೆ ತೂರುವವನು ಎದುರಾಗುತ್ತಾನೆ ಎಂಬ ಮಾತು ಈ ಗಡಿಯಾರದ ಇತಿಹಾಸಕ್ಕೆ ಚೆನ್ನಾಗಿ ಒಪ್ಪುತ್ತದೆ. ಅದರ ಒಂದೊಂದು ಭಾಗವೂ ಒಂದೊಂದು ಉಪಾಯಕ್ಕೆ ಕೊಟ್ಟ ಉತ್ತರ.

ಕೀಲಿಕೈಗಳನ್ನೆಲ್ಲ ಕಿತ್ತು ತಂದು ಒಂದೇ ಕಡೆ ಇಟ್ಟುಕೊಂಡರೆ ಕುಳಿತಲ್ಲೇ ಗಸ್ತು ಮುಗಿಸಬಹುದು. ಅದಕ್ಕಾಗಿ ಸರಪಳಿಯನ್ನು ಪೆಟ್ಟಿಗೆಗೆ ಬಿಚ್ಚಲಾಗದಂತೆ ಬೆಸೆದರು. ಕಿತ್ತರೆ ಗೊತ್ತಾಗಲೆಂದು ಮುದ್ರೆ ಹಾಕಿದರು. ಕೀಲಿಕೈಯ ನಕಲು ಮಾಡಿಸುವುದು ಎರಡನೆಯ ದಾರಿ. ಉಬ್ಬಕ್ಷರವನ್ನು ಸಣ್ಣದಾಗಿ, ನಯವಾಗಿ ಕೆತ್ತಿದರೆ ಅರದಿಂದ ಉಜ್ಜಿ ಮಾಡಿದ ನಕಲಿನ ಅಚ್ಚು ಒರಟಾಗಿ ಬಿದ್ದು ಸಿಕ್ಕಿಬೀಳುತ್ತದೆ. ಮುಳ್ಳನ್ನು ಹಿಂದೆ ಮುಂದೆ ತಿರುಗಿಸಿ ತಪ್ಪಿದ ಗಂಟೆಯನ್ನು ತುಂಬಿಸಬಾರದೆಂದು ಹೊತ್ತು ಸರಿಮಾಡುವ, ಕೀ ಕೊಡುವ ಜಾಗಗಳನ್ನು ಬೀಗದೊಳಗೇ ಇಟ್ಟರು.

ಎಲ್ಲಕ್ಕಿಂತ ಜಾಣ ಏರ್ಪಾಡು ಮುಚ್ಚಳದ್ದು. ಬೀಗಕ್ಕೆ ಕಳ್ಳಕೈ ಮಾಡಿಸಿ ಡಬ್ಬಿ ತೆರೆದವನು ಬಿಲ್ಲೆಯ ಮೇಲೆ ಬೇಕಾದ ಗುರುತು ಹಾಕಬಹುದಲ್ಲವೇ? ಅದನ್ನು ತಡೆಯಲು ಮುಚ್ಚಳಕ್ಕೆ ಒಂದು ಸನ್ನೆ ಜೋಡಿಸಿದರು. ಮುಚ್ಚಳ ತೆರೆದಾಗ ಅದು ಕಾಗದದ ಮೇಲೆ ಆ ಹೊತ್ತಿಗೆ ಸರಿಯಾಗಿ ಒಂದು ಬೇರೆಯೇ ಗುರುತು ಒತ್ತಿಬಿಡುತ್ತದೆ. ಮೇಲ್ವಿಚಾರಕ ತೆರೆದ ಹೊತ್ತಿನಲ್ಲಿ ಆ ಗುರುತು ಇರಲೇಬೇಕು; ನಡುರಾತ್ರಿಯಲ್ಲಿ ಇದ್ದರೆ ಯಾರೋ ಒಳಗೆ ಕೈಹಾಕಿದ್ದಾರೆ. ಡಬ್ಬಿಯನ್ನು ಯಾರೂ ತೆರೆಯಲಾಗದಂತೆ ಮಾಡುವುದು ಯಾವ ಕುಶಲಕರ್ಮಿಗೂ ಸಾಧ್ಯವಿರಲಿಲ್ಲ. ತೆರೆದದ್ದು ಬಚ್ಚಿಡಲಾಗದಂತೆ ಮಾಡುವುದು ಸಾಧ್ಯವಿತ್ತು. ಈ ಕಸುಬಿನ ಜೀವಾಳ ಅಲ್ಲಿದೆ.

ಬೆಂಕಿಯ ಭಯ, ವಿಮೆಯ ಒತ್ತಾಯ

ಈ ಗಡಿಯಾರಗಳು ಹರಡಿದ್ದಕ್ಕೆ ಕಳ್ಳರಿಗಿಂತ ಹೆಚ್ಚಾಗಿ ಬೆಂಕಿ ಕಾರಣ. ಹತ್ತಿಯ ಧೂಳು, ಎಣ್ಣೆ ಕುಡಿದ ಮರದ ನೆಲ, ದೀಪಗಳು, ಬಾಯ್ಲರ್ ಇದ್ದ ಗಿರಣಿಯಲ್ಲಿ ಸಂಜೆ ಬಿದ್ದ ಕಿಡಿ ನಡುರಾತ್ರಿಯಲ್ಲಿ ಹೊತ್ತಿಕೊಳ್ಳಬಹುದಿತ್ತು. ಅಮೆರಿಕದ ಹೆನ್ರಿ ಪಾರ್ಮಲಿ ತಾನೇ ತೆರೆದುಕೊಂಡು ನೀರು ಚಿಮ್ಮಿಸುವ ಸ್ಪ್ರಿಂಕ್ಲರ್‌ಗೆ ಪೇಟೆಂಟ್ ಪಡೆದದ್ದು 1874ರಲ್ಲಿ. ಅಲ್ಲಿಯವರೆಗೆ, ಅದಾದ ಮೇಲೂ ಬಹುಕಾಲ, ಹೊಗೆಯನ್ನು ಮೊದಲು ಮೂಸಿ ನೋಡುತ್ತಿದ್ದುದು ಕಾವಲುಗಾರನ ಮೂಗೇ. ಅವನು ಗಂಟೆಗೊಮ್ಮೆ ಪ್ರತಿ ಮಹಡಿಯನ್ನೂ ದಾಟಿದರೆ ಬೆಂಕಿ ಸಣ್ಣದಿರುವಾಗಲೇ ಸಿಗುತ್ತದೆ. ಆದ್ದರಿಂದ ವಿಮೆ ಕಂಪನಿಗಳು ಗಸ್ತು ನಡೆದದ್ದಕ್ಕೆ ಕಾಗದದ ಪುರಾವೆ ಕೇಳತೊಡಗಿದವು. ಪುರಾವೆ ಇದ್ದವರಿಗೆ ಕಂತಿನಲ್ಲಿ ರಿಯಾಯಿತಿ ಸಿಗುತ್ತಿತ್ತು.

ಅಮೆರಿಕದಲ್ಲಿ ಬೇಡಿಕೆ ಹೆಚ್ಚಿದಂತೆ ಅಲ್ಲಿಯೇ ತಯಾರಕರು ಹುಟ್ಟಿಕೊಂಡರು. 1920ರ ದಶಕದಲ್ಲಿ ನ್ಯೂಮನ್, ಹಾರ್ಡಿಂಜ್, ಇಕೊ ಎಂಬ ಮೂರು ಗಡಿಯಾರ ಕಂಪನಿಗಳು ಸೇರಿ ಡಿಟೆಕ್ಸ್ ಆಯಿತು. ಗಸ್ತು ಗಡಿಯಾರವನ್ನೇ ಆ ಹೆಸರಿನಿಂದ ಕರೆಯುವಷ್ಟು ಅದು ಅಮೆರಿಕದಲ್ಲಿ ಬಳಕೆಗೆ ಬಂತು.

ಒಂದೇ ಬುಡದ ಕೊಂಬೆಗಳು

ಹೊತ್ತೊಯ್ಯುವ ಗಡಿಯಾರದ ಜೊತೆಯಲ್ಲೇ ವಿದ್ಯುತ್ತಿನ ಬಗೆಯೊಂದು ಬೆಳೆಯಿತು. ಇದರಲ್ಲಿ ಗಡಿಯಾರ ಕಚೇರಿಯಲ್ಲಿ ಬೀಗದೊಳಗೆ ಇರುತ್ತದೆ. ಗಸ್ತಿನ ಜಾಗಗಳಿಂದ ಅದಕ್ಕೆ ತಂತಿ ಎಳೆದಿರುತ್ತಾರೆ. ಕಾವಲುಗಾರ ಒಂದೊಂದು ಜಾಗದಲ್ಲಿ ಹಿಡಿಯನ್ನು ತಿರುಗಿಸಿದಾಗ ಅಲ್ಲಿನ ಸಣ್ಣ ಮ್ಯಾಗ್ನೆಟೊ ಕರೆಂಟು ಹುಟ್ಟಿಸಿ ಕಚೇರಿಯ ಕಾಗದದ ಮೇಲೆ ಗುರುತು ಹಾಕಿಸುತ್ತದೆ. ತಂತಿಯನ್ನು ಊರಿನ ಒಂದು ಕೇಂದ್ರಕ್ಕೇ ಮುಟ್ಟಿಸಿದ ಮೇಲೆ ಮತ್ತೊಂದು ಅನುಕೂಲವಾಯಿತು. ಬರಬೇಕಾದ ಸಂಕೇತ ಬಾರದಿದ್ದರೆ ಬೆಳಗಿನವರೆಗೆ ಕಾಯದೆ ಆಗಲೇ ಜನ ಕಳಿಸಬಹುದು. ಕಾವಲುಗಾರನೇ ಬಿದ್ದಿದ್ದರೆ, ಅವನ ಮೇಲೆ ಹಲ್ಲೆಯಾಗಿದ್ದರೆ, ನೆರವು ಹೊತ್ತಿಗೆ ಸರಿಯಾಗಿ ತಲುಪುತ್ತದೆ.

ಕಾರ್ಮಿಕರ ಹಾಜರಿ ಗಡಿಯಾರವೂ ಈ ವಂಶಕ್ಕೆ ಹತ್ತಿರದ್ದು. ನ್ಯೂಯಾರ್ಕ್ ರಾಜ್ಯದ ಆಬರ್ನ್ ಊರಿನ ಆಭರಣ ವ್ಯಾಪಾರಿ ವಿಲ್ಲರ್ಡ್ ಬಂಡಿ 1888ರಲ್ಲಿ ರೂಪಿಸಿದ ಯಂತ್ರದಲ್ಲಿ ಪ್ರತಿ ಕೆಲಸಗಾರನಿಗೂ ಅಂಕಿಯುಳ್ಳ ಒಂದು ಕೀಲಿಕೈ ಇತ್ತು. ಗಸ್ತು ಗಡಿಯಾರದಲ್ಲಿ ಕೀಲಿಕೈ ಜಾಗದ ಹೆಸರು ಹೇಳಿದರೆ ಬಂಡಿಯ ಯಂತ್ರದಲ್ಲಿ ಅದು ಮನುಷ್ಯನ ಹೆಸರು ಹೇಳಿತು. ಬಂಡಿ ಕಂಪನಿ ಮುಂದೆ ಬೇರೆ ಸಂಸ್ಥೆಗಳೊಂದಿಗೆ ಸೇರುತ್ತ ಹೋಗಿ, 1924ರಿಂದ ಐಬಿಎಂ ಎಂದು ಹೆಸರಾದ ಸಂಸ್ಥೆಯ ಬೇರುಗಳಲ್ಲಿ ಒಂದಾಯಿತು.

ಇಂದಿನ ರೂಪ

1990ರ ದಶಕದಿಂದ ಕಾಗದದ ಜಾಗಕ್ಕೆ ಚಿಪ್ ಬಂತು. ಗೋಡೆಯ ಮೇಲೆ ಕೀಲಿಕೈ ಪೆಟ್ಟಿಗೆಯ ಬದಲು ಉಕ್ಕಿನ ಗುಂಡಿಯೋ ಆರ್‌ಎಫ್‌ಐಡಿ ಟ್ಯಾಗೋ ಇರುತ್ತದೆ. ಕಾವಲುಗಾರ ಕೈಲಿರುವ ಕೋಲಿನಂಥ ಉಪಕರಣವನ್ನು ಅದಕ್ಕೆ ಮುಟ್ಟಿಸಿದರೆ ಟ್ಯಾಗಿನ ಸಂಖ್ಯೆ ಮತ್ತು ಹೊತ್ತು ದಾಖಲಾಗುತ್ತವೆ. ಈಗ ಮೊಬೈಲ್ ಆ್ಯಪ್, ಕ್ಯುಆರ್ ಚೀಟಿ, ಜಿಪಿಎಸ್ ಇದೇ ಕೆಲಸ ಮಾಡುತ್ತಿವೆ. ಕರ್ನಾಟಕದ ಪೊಲೀಸರು ಬೀಟ್ ಪುಸ್ತಕದ ಜಾಗದಲ್ಲಿ ಬಳಕೆಗೆ ತಂದ ಇ-ಬೀಟ್ ವ್ಯವಸ್ಥೆಯೂ ಇದೇ ತತ್ವದ್ದು: ಜಾಗದ ಗುರುತು ಜಾಗದಲ್ಲೇ ಇರುತ್ತದೆ, ಹೊತ್ತನ್ನು ಯಂತ್ರ ಬರೆಯುತ್ತದೆ.

ಕಳ್ಳಾಟಗಳೂ ರೂಪ ಬದಲಿಸಿವೆ. ಕೀಲಿಕೈಯ ನಕಲಿನ ಬದಲು ಕ್ಯುಆರ್ ಚೀಟಿಯ ಫೋಟೊ ತೆಗೆದಿಟ್ಟುಕೊಂಡು ಕುಳಿತಲ್ಲೇ ಸ್ಕ್ಯಾನ್ ಮಾಡಬಹುದು. ಮುಳ್ಳು ತಿರುಗಿಸುವ ಬದಲು ಫೋನಿನ ಸಮಯ ಬದಲಿಸಬಹುದು. ತಡೆಗಳೂ ಹಳೆಯ ಜಾಡಿನವೇ. ಸಮಯವನ್ನು ಕೈಲಿರುವ ಫೋನಿನಿಂದ ತೆಗೆದುಕೊಳ್ಳದೆ ದೂರದ ಸರ್ವರಿನಿಂದ ತೆಗೆದುಕೊಳ್ಳುವುದು, ನಕಲು ಮಾಡಲಾಗದ ಟ್ಯಾಗು ಬಳಸುವುದು, ಉಪಕರಣವನ್ನು ಬಿಚ್ಚಿದರೆ ಅದನ್ನೂ ದಾಖಲಿಸುವುದು.

ಯಂತ್ರ ಹೇಳದ ಮಾತು

ಗಸ್ತು ಗಡಿಯಾರ ಹೇಳುವುದು ಕೀಲಿಕೈ ತಿರುಗಿತು ಎಂಬುದನ್ನಷ್ಟೇ. ತಿರುಗಿಸಿದವನು ಗೊತ್ತುಮಾಡಿದ ಕಾವಲುಗಾರನೇ ಎಂದಾಗಲಿ, ಅವನು ಸುತ್ತ ಕಣ್ಣಾಡಿಸಿದ ಎಂದಾಗಲಿ ಅದು ಹೇಳದು. ದಿನವೂ ಒಂದೇ ಹೊತ್ತಿಗೆ ಒಂದೇ ದಾರಿಯಲ್ಲಿ ನಡೆಯುವ ಗಸ್ತು ಕಳ್ಳನಿಗೆ ವೇಳಾಪಟ್ಟಿಯಾಗಿಬಿಡುವ ಅಪಾಯವೂ ಇದೆ. ಆದ್ದರಿಂದಲೇ ಜಾಗಗಳನ್ನು ಸುತ್ತುವ ಕ್ರಮವನ್ನು ಆಗಾಗ ಬದಲಿಸುವುದು, ಕೀಲಿಕೈ ಪೆಟ್ಟಿಗೆಯನ್ನು ಕೋಣೆಯ ಬಾಗಿಲ ಬಳಿ ಇಡದೆ ಒಳಗಿನ ಕೊನೆಯಲ್ಲಿ ಇಡುವುದು ಒಳ್ಳೆಯ ವ್ಯವಸ್ಥೆಯ ಲಕ್ಷಣ. ಕೊನೆಯವರೆಗೆ ನಡೆದವನ ಕಣ್ಣಿಗೆ ನಡುವಿನದ್ದೆಲ್ಲ ಬಿದ್ದೇ ಬೀಳುತ್ತದೆ.

ಹಾಗೆಯೇ ಈ ದಾಖಲೆ ಮಾಲೀಕನ ಪರವಾಗಿ ಮಾತ್ರ ನಿಲ್ಲುವುದಿಲ್ಲ. ರಾತ್ರಿ ಕಳವೋ ಬೆಂಕಿಯೋ ಆದಾಗ ಮೊದಲ ಅನುಮಾನ ಬೀಳುವುದು ಒಬ್ಬಂಟಿ ಕಾವಲುಗಾರನ ಮೇಲೆ. ಅವನ ಮಾತಿಗೆ ಸಾಕ್ಷಿ ಹೇಳಲು ಅಲ್ಲಿ ಯಾರೂ ಇರುವುದಿಲ್ಲ. ಗಂಟೆಗೊಮ್ಮೆ ತಪ್ಪದೆ ನಡೆದವನಿಗೆ ಆ ಬಿಲ್ಲೆ ಗಟ್ಟಿ ಆಧಾರ. ಅವನು ತಿದ್ದಲಾಗದ ದಾಖಲೆಯಾದ್ದರಿಂದಲೇ ಅದಕ್ಕೆ ಅವನ ಪರವಾಗಿಯೂ ಬೆಲೆ ಬರುತ್ತದೆ.