ಅಣ್ವಸ್ತ್ರದ ಗುತ್ತಿಗೆದಾರರು

ಅಮೆರಿಕದ ಅಣ್ವಸ್ತ್ರಗಳನ್ನು ತಯಾರಿಸುವವರು ಯಾರು,
ಸರ್ಕಾರವೇ ಅಥವಾ ಖಾಸಗಿ ಕಂಪನಿಗಳೇ?

ಸಿಡಿತಲೆಯ, ಅಂದರೆ ಕ್ಷಿಪಣಿ ಹೊತ್ತೊಯ್ಯುವ ಸ್ಫೋಟಕ ಭಾಗದ ಒಡೆತನ ಸರ್ಕಾರದ್ದಾದರೂ,
ಅದು ಸಿದ್ಧವಾಗುವ ಸರ್ಕಾರಿ ಸ್ಥಾವರಗಳನ್ನು ನಡೆಸುವುದು ಗುತ್ತಿಗೆ ಪಡೆದ ಸಂಸ್ಥೆಗಳು.

ಒಲೆ, ಪಾತ್ರೆ, ದಿನಸಿಯೆಲ್ಲ ಮದುವೆಮನೆಯವರದೇ ಆಗಿದ್ದು,
ಅಡುಗೆ ಮಾತ್ರ ಗುತ್ತಿಗೆಯ ಭಟ್ಟರದಾಗಿರುವಂಥ ಏರ್ಪಾಡು ಇದು.

ಈ ಪದ್ಧತಿ ಎರಡನೆಯ ಮಹಾಯುದ್ಧದಷ್ಟು ಹಳೆಯದು.
ಹ್ಯಾನ್‌ಫರ್ಡ್‌ನಲ್ಲಿ ಪ್ಲುಟೋನಿಯಂ ಸ್ಥಾವರವನ್ನು ಕಟ್ಟಿ ನಡೆಸಿದ ಡ್ಯೂಪಾಂಟ್ ಕಂಪನಿ,
ಖರ್ಚಿನ ಮೇಲೆ ಕೇವಲ 1 ಡಾಲರ್ ಶುಲ್ಕಕ್ಕೆ ಒಪ್ಪಿಕೊಂಡಿತ್ತು.

ಇಂದಿನ ಲೆಕ್ಕವೇ ಬೇರೆ.
ನೆಲದಡಿಯ ಸೈಲೋಗಳಿಂದ ಹಾರುವ ‘ಸೆಂಟಿನೆಲ್’ ಖಂಡಾಂತರ ಕ್ಷಿಪಣಿಯ ಸ್ಪರ್ಧೆಯಿಂದ
ಬೋಯಿಂಗ್ 2019ರಲ್ಲಿ ಹಿಂದೆ ಸರಿದ ಕಾರಣ,
ಕಣದಲ್ಲಿ ಒಂಟಿಯಾಗಿ ಉಳಿದ ನಾರ್ತ್‌ರಾಪ್ ಗ್ರಮ್ಮನ್‌ಗೆ
2020ರಲ್ಲಿ 1,330 ಕೋಟಿ ಡಾಲರ್‌ಗಳ ಗುತ್ತಿಗೆ ದೊರೆಯಿತು;
ಇಡೀ ಯೋಜನೆಯ ಅಂದಾಜು ವೆಚ್ಚವಂತೂ 2024ರಲ್ಲಿ
ಶೇ. 81ರಷ್ಟು ಏರಿ ಸುಮಾರು 14,100 ಕೋಟಿ ಡಾಲರ್ ಮುಟ್ಟಿತು.

ಇಷ್ಟು ವಿನಾಶಕಾರಿಯಾದ ಅಸ್ತ್ರವನ್ನು ಪೈಪೋಟಿಯಿಲ್ಲದ ಗುತ್ತಿಗೆಗೆ ಒಪ್ಪಿಸಿದ್ದು
ಸಾರ್ವಜನಿಕ ಹೊಣೆಗಾರಿಕೆಯ ಗಂಭೀರ ಲೋಪ.

2021ರಲ್ಲಿ ಜಾರಿಗೆ ಬಂದ ಅಣ್ವಸ್ತ್ರ ನಿಷೇಧ ಒಪ್ಪಂದವು
ತಯಾರಿಕೆಯನ್ನಷ್ಟೇ ಅಲ್ಲ, ಅದಕ್ಕೆ ನೆರವಾಗುವುದನ್ನೂ ನಿಷೇಧಿಸುತ್ತದೆ;
ಅಮೆರಿಕವಾಗಲಿ ಭಾರತವಾಗಲಿ ಅದಕ್ಕೆ ಸಹಿ ಹಾಕಿಲ್ಲ.